ಬೆಕ್ಕನ್ನು ಬಿಟ್ಟು ಊರಿಗೆ ಹೊರಡುವ ಮುನ್ನ

ಮದುವೆಗೋ ಜಾತ್ರೆಗೋ ಹೊರಟವರು ನಾಯಿಯನ್ನಾದರೂ ಕಾರಿಗೆ ಹತ್ತಿಸಿಯಾರು, ಬೆಕ್ಕು ಬರಲೊಲ್ಲದು. ಬೆಂಗಳೂರಿನಂಥ ನಗರಗಳಲ್ಲಿ ದಿನಕ್ಕಿಷ್ಟು ಎಂದು ಹಣ ಪಡೆದು ಬೆಕ್ಕನ್ನು ನೋಡಿಕೊಳ್ಳುವವರು ಈಗ ಇದ್ದಾರೆ. ಅವರನ್ನು ನಂಬುವುದು ಹೇಗೆ?

ಒಳಗೆ ಕಾಲಿಟ್ಟೊಡನೆ ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ‘ಎಷ್ಟು ಶುಚಿ!’ ಎನಿಸಬಹುದು. ಅಲ್ಲೇ ಎಚ್ಚರ ಬೇಕು. ಫೀನಾಲ್ ಜಾತಿಯ ವಸ್ತುಗಳನ್ನು ನಿರ್ವಿಷಗೊಳಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ವಿಷ ಒಳಸೇರುತ್ತದೆ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಅದಕ್ಕೆ ಮಾರಕವಾಗುವುದೂ ಇದೇ ಕೊರತೆಯಿಂದ. ಒಂದೇ ಮಾತ್ರೆ ಸಾಕು!

ಲಸಿಕೆಯ ಚೀಟಿಯನ್ನು ಅವರಾಗಿಯೇ ಕೇಳಿದರೆ ಒಳ್ಳೆಯ ಲಕ್ಷಣ. ಕೇಳದವರು ಪಕ್ಕದ ಗೂಡಿನ ಬೆಕ್ಕಿನದನ್ನೂ ಕೇಳಿರಲಾರರು. ಪ್ಯಾನ್‌ಲ್ಯುಕೋಪೀನಿಯ ಎಂಬ ಮಾರಕ ಭೇದಿರೋಗದ ವೈರಸ್ ಗೂಡಿನ ಸಂದಿಗಳಲ್ಲಿ ವರ್ಷದವರೆಗೂ ಉಳಿದಿರಬಲ್ಲದು.

ಇನ್ನೊಂದು ಪ್ರಶ್ನೆ ಕೇಳಿ ನೋಡಿ: ‘ಬೆಕ್ಕು ಊಟ ಬಿಟ್ಟರೆ ಏನು ಮಾಡುತ್ತೀರಿ?’ ‘ಹಸಿದರೆ ತಾನೇ ತಿನ್ನುತ್ತೆ ಬಿಡಿ’ ಎಂದರೆ ಬುಟ್ಟಿ ಎತ್ತಿಕೊಂಡು ಹೊರಡಿ. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರಬಹುದು. ಅಂಥವರಿಗಿಂತ, ಬೀಗದ ಕೈ ಪಡೆದು ದಿನಕ್ಕೆರಡು ಸಲ ತಟ್ಟೆ ನೋಡಿ ಹೋಗುವ ಪಕ್ಕದ ಮನೆಯವರೇ ವಾಸಿ.