ಕೈಗುಣವೆಂಬುದು ಎಲ್ಲಿಂದ ಬರುತ್ತದೆ?

ಇಚಿಲಂಪಾಡಿಯಲ್ಲಿ ಅಡಕೆಮರ ಹತ್ತಿ ಕೊಳೆರೋಗಕ್ಕೆ ಮದ್ದು ಬಿಡುವವನಿಗೂ, ಹೊರೆ ಹೊತ್ತು ಗುಡ್ಡವೇರುವವನಿಗೂ ತೊಡೆಸಂದಿನ ಬಾವು ಅಪರಿಚಿತವಾದುದೇನಲ್ಲ. ನಿಂತರೆ, ಕೆಮ್ಮಿದರೆ ಅದು ಉಬ್ಬುವುದು. ಅಂಗಾತ ಮಲಗಿದರೆ ಒಳಸರಿಯುವುದು. ವೈದ್ಯರು ಇದನ್ನು ಹರ್ನಿಯ ಎನ್ನುತ್ತಾರೆ. ನಮ್ಮ ಪ್ರಾಚೀನರು ಅಂತ್ರವೃದ್ಧಿ ಎಂದರು. ಹೊಟ್ಟೆಯ ಗೋಡೆ ದುರ್ಬಲವಾದೆಡೆಯಲ್ಲಿ ಕರುಳು ಹೊರಚಾಚುವುದೇ ಇದರ ಸ್ವರೂಪ. ಗಂಡಸರಲ್ಲಿ ನೂರಕ್ಕೆ ಸುಮಾರು ೨೭ ಮಂದಿ ಜೀವಮಾನದಲ್ಲೊಮ್ಮೆ ಇದಕ್ಕೆ ತುತ್ತಾಗುತ್ತಾರೆಂಬ ಅಂದಾಜುಂಟು. ನಾಚಿಕೆಯಿಂದ ಪಟ್ಟಿ ಬಿಗಿದುಕೊಂಡು ವರ್ಷಗಳನ್ನು ತಳ್ಳುವವರು ಬಹಳ. ಆದರೆ ಹೊರಬಂದ ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತಿತೆಂದರೆ, ಅದು ಗಂಟೆಗಳ ಲೆಕ್ಕದ ಪ್ರಾಣಸಂಕಟ.

ಗುಣವಾಗಲು ಶಸ್ತ್ರಕ್ರಿಯೆಯೇ ದಾರಿ. ಪುತ್ತೂರಿಗೋ ಮಂಗಳೂರಿಗೋ ಹೊರಡುವ ಮುನ್ನ ಮನೆಯ ಹಿರಿಯರು ಕೇಳುವ ಮಾತು ಒಂದೇ: “ಆ ಡಾಕ್ಟರರ ಕೈಗುಣ ಹೇಗುಂಟು?” ಓದಿದವರು ಇದನ್ನು ಕೇಳಿ ನಗುವುದುಂಟು. ನಗುವಂಥದೇನೂ ಅದರಲ್ಲಿಲ್ಲ.

ಇಟಲಿಯ ಎಡೊವಾರ್ಡೊ ಬಸ್ಸೀನಿ ೧೮೮೭ರಲ್ಲಿ ತನ್ನ ಹೊಸ ವಿಧಾನವನ್ನು ಜಗತ್ತಿನ ಮುಂದಿಟ್ಟನು. ಕ್ರಮ ಒಂದೇ ಆದರೂ ಅದನ್ನು ಅರೆಬರೆಯಾಗಿ ಕಲಿತವರ ಕೈಯಲ್ಲಿ ಬಾವು ಮರಳಿ ಮರಳಿ ಬಂತು. ೧೯೪೫ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಶೋಲ್ಡೈಸ್ ಎಂಬ ವೈದ್ಯನು ಹರ್ನಿಯಕ್ಕೆಂದೇ ಒಂದು ಆಸ್ಪತ್ರೆ ತೆರೆದನು. ಅಲ್ಲಿನ ಶಸ್ತ್ರವೈದ್ಯರು ವರ್ಷಕ್ಕೆ ನೂರುಗಟ್ಟಲೆ ಸಲ ಮಾಡುವುದು ಈ ಕೆಲಸವನ್ನೇ. ಆ ಪ್ರಾಂತದ ಎರಡು ಲಕ್ಷಕ್ಕೂ ಮಿಕ್ಕ ರೋಗಿಗಳನ್ನು ಲೆಕ್ಕಹಾಕಿ ೨೦೧೬ರಲ್ಲಿ ಪ್ರಕಟಿಸಿದ ವರದಿಯಂತೆ, ಶೋಲ್ಡೈಸ್‌ನಲ್ಲಿ ನೂರಕ್ಕೆ ೧.೧೫ ಮಂದಿಗೆ ಮಾತ್ರ ಬಾವು ಮರುಕಳಿಸಿತು. ಅಪರೂಪಕ್ಕೆ ಈ ಶಸ್ತ್ರಕ್ರಿಯೆ ನಡೆಯುವ ಸಾಮಾನ್ಯ ಆಸ್ಪತ್ರೆಗಳಲ್ಲಿ ೫.೨೧ ಮಂದಿಗೆ. (ಸ್ಥೂಲಕಾಯರಿಗೆ ಮೊದಲು ತೂಕ ಇಳಿಸಿ ಬನ್ನಿರೆಂದು ಹೇಳುವ ಆಸ್ಪತ್ರೆ ಅದು ಎಂಬುದನ್ನೂ ನೆನಪಿನಲ್ಲಿಡಬೇಕು.)

ಸಣ್ಣ ರಂಧ್ರಗಳ ಮೂಲಕ ದುರ್ಬೀನು ತೂರಿಸಿ ಮಾಡುವ ಇಂದಿನ ವಿಧಾನದಲ್ಲಂತೂ ಕೈಯ ಪಳಗು ಇನ್ನೂ ಮುಖ್ಯ. ಅಮೆರಿಕದಲ್ಲಿ ನಿವೃತ್ತ ಯೋಧರ ಆಸ್ಪತ್ರೆಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ೨೫೦ಕ್ಕಿಂತ ಹೆಚ್ಚು ಸಲ ಈ ಕೆಲಸ ಮಾಡಿದವರ ರೋಗಿಗಳಲ್ಲಿ ನೂರಕ್ಕೆ ಐದಕ್ಕೂ ಕಡಮೆ ಮಂದಿಗೆ ಬಾವು ಮರಳಿತು. ಅಷ್ಟು ಅನುಭವವಿಲ್ಲದವರಲ್ಲಿ ಹತ್ತಕ್ಕೂ ಹೆಚ್ಚು. ಕುಯ್ದು ಜಾಲರಿ ಹಾಕುವ ಹಳೆಯ ಕ್ರಮದಲ್ಲಿ ಮಾತ್ರ ಅಂಥ ಅಂತರ ಕಾಣಲಿಲ್ಲ. ಮರುಕಳಿಸಿದ ಬಾವನ್ನು ಮತ್ತೆ ಸರಿಪಡಿಸುವುದು ಮೊದಲ ಸಲಕ್ಕಿಂತ ಕಷ್ಟ. ಹಳೆಯ ಗಾಯದ ಗಂಟುಗಳ ನಡುವೆ ನರವಾವುದು, ರಕ್ತನಾಳವಾವುದು ಎಂದು ಬಿಡಿಸುವುದೇ ಒಂದು ಸಾಹಸ. ದಿನಗೂಲಿಯವನಿಗೆ ಎರಡನೆಯ ಸಲ ಮಲಗುವುದೆಂದರೆ ಮದ್ದು ಬಿಡುವ ಮಳೆಗಾಲವನ್ನೇ ಕಳೆದುಕೊಂಡಂತೆ.

ಹಾಗೆಂದು ದೊಡ್ಡ ಪದವಿಯೇ ಪ್ರಮಾಣವೆಂದು ತಿಳಿಯಬಾರದು. ಆಫ್ರಿಕದ ಘಾನಾದಲ್ಲಿ, ಶಸ್ತ್ರವೈದ್ಯದ ಪದವಿಯಿಲ್ಲದ ಸಾಮಾನ್ಯ ವೈದ್ಯರಿಗೆ ಜಾಲರಿ ಹಾಕುವ ಈ ಒಂದು ಕೆಲಸವನ್ನು ಕ್ರಮವಾಗಿ ಕಲಿಸಿದರು. ೨೦೧೯ರಲ್ಲಿ ಬಂದ ವರದಿಯಂತೆ ಒಂದು ವರ್ಷದ ಬಳಿಕ ಅವರ ಫಲ ತಜ್ಞರ ಫಲಕ್ಕಿಂತ ಯಾವ ವಿಧದಲ್ಲೂ ಕೀಳಾಗಿರಲಿಲ್ಲ. ಪರೀಕ್ಷೆ ಚಿಕ್ಕದು, ನಿಜ. ಆದರೂ ಕಡಬದಂಥ ಊರುಗಳಿಗೆ ಇದರಲ್ಲಿ ಆಸೆಯುಂಟು.

ಉಳಿಯುವುದು ಒಂದು ಕಠಿನ ಪ್ರಶ್ನೆ: ೨೫೦ ಮಾಡಿದವನಿಗೂ ಮೊದಲನೆಯ ರೋಗಿ ಯಾರೋ ಒಬ್ಬನಿದ್ದನಷ್ಟೆ? ಸುಶ್ರುತನು ಇದನ್ನು ಬಲ್ಲವನಾಗಿದ್ದನು. ಶಾಸ್ತ್ರವನ್ನೆಲ್ಲ ಓದಿದರೂ ಕೈಯಿಂದ ಅಭ್ಯಾಸ ಮಾಡದವನು ಕೆಲಸಕ್ಕೆ ಅನರ್ಹನೆಂದು ಅವನ ಮತ. ಅದಕ್ಕಾಗಿ ಶಿಷ್ಯರಿಗೆ ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿಗಳ ಮೇಲೆ ಕೊಯ್ಯುವುದನ್ನೂ, ಬಟ್ಟೆ ಮತ್ತು ಮೆತ್ತನೆಯ ತೊಗಲಿನ ಮೇಲೆ ಹೊಲಿಯುವುದನ್ನೂ ಕಲಿಸಬೇಕೆಂದು ವಿಧಿಸಿದನು. ಇಂದಿನ ವೈದ್ಯಕೀಯ ಕಾಲೇಜುಗಳಲ್ಲಿ ಹಿರಿಯರು ಪಕ್ಕದಲ್ಲಿ ನಿಂತು ಕಿರಿಯರ ಕೈ ತಿದ್ದುತ್ತಾರೆ. ಮಂಗಳೂರಿನ ವೆನ್ಲಾಕಿನಂಥ ಆಸ್ಪತ್ರೆಯಲ್ಲಿ ಎಳೆಯ ವೈದ್ಯರನ್ನು ಕಂಡೊಡನೆ ನಮ್ಮವರು ಗಾಬರಿಯಾಗುವುದುಂಟು. ಕೇಳಬೇಕಾದುದು ಅವರ ವಯಸ್ಸನ್ನಲ್ಲ, ಪಕ್ಕದಲ್ಲಿ ಯಾರು ನಿಲ್ಲುತ್ತಾರೆಂಬುದನ್ನು. ಈ ಶಸ್ತ್ರಕ್ರಿಯೆಯನ್ನು ಎಷ್ಟು ಸಲ ಮಾಡಿದ್ದೀರಿ, ಯಾವ ಕ್ರಮದಲ್ಲಿ ಮಾಡುವಿರಿ ಎಂದೂ ವಿನಯದಿಂದ ವಿಚಾರಿಸಬಹುದು. ಹೋರಿ ಕೊಳ್ಳುವಾಗ ಹಲ್ಲು ಎಣಿಸಿ ನೋಡುವ ನಮ್ಮ ರೈತನಿಗೆ ಇಷ್ಟು ಕೇಳಲು ಸಂಕೋಚವೇಕೋ ನಾನರಿಯೆ.