ವಾಂತಿ ಗುಳಿಗೆ: ಯಾವುದಕ್ಕೆ ಯಾವುದು, ಎಷ್ಟು ತಾಸು?

ಬಸ್ ಹತ್ತಿದರೆ ಹೊಟ್ಟೆ ತೊಳಸುತ್ತದೆ. ಹಳಸಿದ್ದು ಉಂಡರೆ ವಾಂತಿ. ಬಸುರಿಗೆ ಬೆಳಗಾದರೆ ವಾಕರಿಕೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಇದೆಲ್ಲಕ್ಕೂ ಮನೆಯಲ್ಲಿ ಒಂದೇ ಮಾತು: “ಅಂಗಡ್ಯಾಗ ಒಂದು ವಾಂತಿ ಗುಳಿಗಿ ತಗೊಂಬಾ.” ಆದರೆ ವಾಂತಿ ಗುಳಿಗೆ ಅನ್ನೋದು ಒಂದಲ್ಲ.

ವಾಂತಿ ಮಾಡು ಎಂಬ ಅಪ್ಪಣೆ ಹೊರಡುವುದು ಮೆದುಳಿನ ಬುಡದಿಂದ. ಅಲ್ಲಿಗೆ ಸುದ್ದಿ ಮುಟ್ಟುವ ದಾರಿಗಳು ಹಲವು. ಒಂದೊಂದು ಗುಳಿಗೆ ಒಂದೊಂದು ದಾರಿ ಮುಚ್ಚುತ್ತದೆ, ಅಷ್ಟೇ.

ಹೊಟ್ಟೆ ಕೆಟ್ಟಾಗ: ಕರುಳಿನಲ್ಲಿ ಸೆರಟೋನಿನ್ ಹೆಚ್ಚಾಗಿ, ನರದ ಮೂಲಕ ಸುದ್ದಿ ಮೇಲೇರುತ್ತದೆ. ಒಂಡನ್‌ಸೆಟ್ರಾನ್ ಅದನ್ನು ತಡೆಯುತ್ತದೆ. ಅರ್ಧದಿಂದ ಒಂದು ತಾಸಿನೊಳಗೆ ಗುಣ ಕಾಣುತ್ತದೆ, ಸುಮಾರು 8 ತಾಸು ಇರುತ್ತದೆ. ಕೆಲವರಿಗೆ ತಲೆನೋವು, ಮಲಬದ್ಧತೆ ಆಗಬಹುದು. ಡೊಂಪೆರಿಡೋನ್ ತಡೆಯುವುದು ಡೋಪಮೈನನ್ನು. ಅದನ್ನು ಊಟಕ್ಕೆ ಮೊದಲು ನುಂಗಬೇಕು. ಹೃದಯದ ತೊಂದರೆ ಇದ್ದವರು ಇವೆರಡನ್ನೂ ವೈದ್ಯರನ್ನು ಕೇಳದೆ ತಗೋಬಾರದು.

ಬಸ್ಸಿನ ವಾಂತಿಗೆ: ಇಲ್ಲಿ ಗೊಂದಲ ಒಳಕಿವಿಯದು. ಹೊಟ್ಟೆಯ ಗುಳಿಗೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಪ್ರೊಮೆಥಜಿನ್ ಬೇಕು, ಅದೂ ಬಸ್ ಹತ್ತುವ ಒಂದೆರಡು ತಾಸು ಮುಂಚೆ. ವಾಂತಿ ಶುರುವಾದ ಮೇಲೆ ನುಂಗಿದರೆ ಗುಳಿಗೆಯೂ ಹೊರಗೇ! ಇದರ ಮಂಪರು ಅರ್ಧ ದಿನವಾದರೂ ಉಳಿಯಬಹುದು. ಗಾಡಿ ಓಡಿಸುವವರಿಗೆ ಬೇಡ. 2 ವರ್ಷದೊಳಗಿನ ಕೂಸಿಗಂತೂ ಕೊಡಲೇಬಾರದು. ಇಂಡಿಯ ನಿಂಬೆಹಣ್ಣು ಮೂಸಿದರೆ ಹಿತ ಅನ್ನಿಸಿದರೆ ಮೂಸಿರಿ. ಜೊತೆಗೆ ಮುಂದಿನ ಸೀಟಿನಲ್ಲಿ ಕೂತು ದೂರ ನೋಡಿರಿ, ಮೊಬೈಲ್ ಕೆಳಗಿಡಿರಿ.

ಬಸುರಿಯರಿಗೆ: ಡಾಕ್ಸಿಲಮೈನ್ ಮತ್ತು ಬಿ6 ಸೇರಿದ ಗುಳಿಗೆಯನ್ನು ವೈದ್ಯರು ಸಾಮಾನ್ಯವಾಗಿ ರಾತ್ರಿ ನುಂಗಲು ಹೇಳುತ್ತಾರೆ. ಅದು ನಿಧಾನಕ್ಕೆ ಕರಗಿ ಬೆಳಗಿನ ವಾಕರಿಕೆಯ ಹೊತ್ತಿಗೆ ಕೆಲಸ ಮಾಡುತ್ತದೆ.

ನೆನಪಿರಲಿ, ಗುಳಿಗೆ ನಿಲ್ಲಿಸುವುದು ವಾಂತಿಯನ್ನು, ಅದರ ಕಾರಣವನ್ನಲ್ಲ. ದೇಹ ಕಳಕೊಂಡ ನೀರನ್ನೂ ಅದು ತುಂಬುವುದಿಲ್ಲ. ವಾಂತಿಯಾದ ಹತ್ತು ನಿಮಿಷದ ಮೇಲೆ ಓಆರ್‌ಎಸ್ ಅನ್ನು ಚಮಚ ಚಮಚವಾಗಿ ಕುಡಿಸಿರಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಬೇಕು. ಕೂಸು ಉಚ್ಚೆ ಹೊಯ್ಯುವುದು ಕಡಿಮೆಯಾದರೆ, ಮಂಕಾದರೆ, ವಾಂತಿ ಹಸಿರು ಅಥವಾ ರಕ್ತದ ಬಣ್ಣಕ್ಕಿದ್ದರೆ ತಡಮಾಡಬೇಡಿರಿ, ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ಮಾತು ನಮ್ಮ ತೊಗರಿ, ಹತ್ತಿ, ದ್ರಾಕ್ಷಿ ಹೊಲದವರಿಗೆ. ಎಣ್ಣೆ ಹೊಡೆದು ಬಂದವರಿಗೆ ವಾಂತಿಯ ಜೊತೆ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು ಇದ್ದರೆ ಅದು ವಿಷ ಏರಿದ ಲಕ್ಷಣ. ಅಲ್ಲಿ ವಾಂತಿ ಗುಳಿಗೆ ಹುಡುಕುತ್ತಾ ಕೂತರೆ ಜೀವಕ್ಕೇ ಕುತ್ತು. ಬಟ್ಟೆ ಬಿಚ್ಚಿಸಿ, ಮೈ ಸಾಬೂನಿನಿಂದ ತೊಳೆದು, 108ಕ್ಕೆ ಫೋನ್ ಮಾಡಿರಿ. ಔಷಧದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಅದರ ಮೇಲಿನ ಹೆಸರು ನೋಡಿಯೇ ವೈದ್ಯರು ಚಿಕಿತ್ಸೆ ನಿರ್ಧರಿಸಬೇಕಾಗುತ್ತದೆ.