ಮರದ ಡ್ರಾಯರಿನಲ್ಲಿಟ್ಟ ಮೆದುಳು

ಬೆಲ್ಜಿಯಂನ ಮೋನ್ಸ್ ಊರಿನ ಮುಂಡೇನಿಯಂ ಸಂಗ್ರಹಾಲಯದೊಳಗೆ ಕಾಲಿಟ್ಟ ಕೂಡಲೇ ನಮ್ಮ ಕಾಲೇಜಿನ ಲೈಬ್ರರಿ ನೆನಪಾಯಿತು. ಅದೇ ಮರದ ಪುಟ್ಟ ಡ್ರಾಯರುಗಳು, ಅದೇ ಲೋಹದ ಹಿಡಿ. ಇಲ್ಲಿ ಮಾತ್ರ ಅವು ಗೋಡೆಗೆ ಗೋಡೆಯನ್ನೇ ನುಂಗಿವೆ. ನಡುವೆ ಆಳೆತ್ತರ ಮೀರಿದ ಭೂಗೋಳ.

ಮನುಷ್ಯರೂ ಕಂಪ್ಯೂಟರುಗಳೂ ಸೇರಿ ಭೂಮಿಗೆಲ್ಲ ಒಂದೇ ಮೆದುಳಾಗುತ್ತದೆ ಎಂಬ ಮಾತು ಹೊಸದಲ್ಲ. ಎಚ್.ಜಿ. ವೆಲ್ಸ್ 1938ರಲ್ಲೇ 'ವರ್ಲ್ಡ್ ಬ್ರೈನ್' ಎಂಬ ಪುಸ್ತಕ ತಂದಿದ್ದರು. 2012ರಲ್ಲಿ ಬ್ರಸೆಲ್ಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಗ್ಲೋಬಲ್ ಬ್ರೈನ್ ಇನ್‌ಸ್ಟಿಟ್ಯೂಟ್ ಕೂಡ ಶುರುವಾಯಿತು. ಅದೇ ಬ್ರಸೆಲ್ಸ್‌ನಲ್ಲಿ ವಕೀಲ ಪಾಲ್ ಓಟ್ಲೆ ಇಂಥದ್ದನ್ನು 1895ರಲ್ಲೇ ಕಾಗದದಲ್ಲಿ ಕಟ್ಟಲು ಕೂತಿದ್ದರು. ಜೊತೆಗೆ ಗೆಳೆಯ ಆನ್ರಿ ಲಾ ಫೊಂಟೇನ್. ಮುಂದೆ 1913ರ ಶಾಂತಿ ನೊಬೆಲ್ ಪಡೆದವರು. ಲೋಕದಲ್ಲಿ ಅಚ್ಚಾದ ಪ್ರತಿಯೊಂದಕ್ಕೂ ಒಂದು ಚೀಟಿ, ಅಳತೆ 12.5 x 7.5 ಸೆಂ.ಮೀ. ಈ ಡ್ರಾಯರುಗಳು ಆ ಚೀಟಿಗಳಿಗಾಗಿಯೇ. ಚೀಟಿಗಳು ಕೋಟಿ ದಾಟಿದವು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಟಿಯ ಲೆಕ್ಕವಲ್ಲ, ಅವರ ಅಂಚೆ. ಯಾರು ಬೇಕಾದರೂ ಪ್ರಶ್ನೆ ಬರೆದು ಕಳಿಸಬಹುದಿತ್ತು. ಸಿಬ್ಬಂದಿ ಡ್ರಾಯರು ಎಳೆದು, ಸಂಬಂಧಪಟ್ಟ ಚೀಟಿಗಳನ್ನು ನಕಲು ಮಾಡಿ, ಶುಲ್ಕ ಪಡೆದು ಮರುಟಪಾಲಿಗೆ ಹಾಕುತ್ತಿದ್ದರು. 1912ರ ಹೊತ್ತಿಗೆ ವರ್ಷಕ್ಕೆ 1,500ಕ್ಕೂ ಹೆಚ್ಚು ಪ್ರಶ್ನೆಗಳು. ಬಲ್ಗೇರಿಯಾದ ಹಣಕಾಸಿನ ಬಗ್ಗೆ ಒಬ್ಬರಿಗೆ ಬೇಕು, ಬೂಮರಾಂಗ್ ಬಗ್ಗೆ ಇನ್ನೊಬ್ಬರಿಗೆ. ಉತ್ತರ 50 ಚೀಟಿ ಮೀರುವಂತಿದ್ದರೆ ಮೊದಲೇ ಎಚ್ಚರಿಸುತ್ತಿದ್ದರಂತೆ. ಆ ಬೂಮರಾಂಗಿನವರು ಯಾರಿರಬಹುದು? ಎಸೆದದ್ದು ವಾಪಸು ಬರಲಿಲ್ಲವೆಂದು ಕೇಳಿದರೋ, ಬಂದು ತಲೆಗೆ ಬಡಿಯಿತೆಂದೋ? ಹೋಟೆಲ್ ಕೋಣೆ ಸೇರಿದ ಮೇಲೂ ಅದೇ ಯೋಚನೆ.

ಡ್ರಾಯರುಗಳ ಒಳಗಿನ ಶಿಸ್ತು ದಶಮಾಂಶ ವರ್ಗೀಕರಣದ್ದು, ಅಂದರೆ ವಿಷಯಕ್ಕೊಂದು ಸಂಖ್ಯೆ. 31 ಅಂಕಿಅಂಶ, 63 ಬೇಸಾಯ. ನಡುವೆ ಕೋಲನ್ ಇಟ್ಟು 31:63 ಎಂದು ಬರೆದರೆ ಬೇಸಾಯದ ಅಂಕಿಅಂಶ. ಎರಡು ಚುಕ್ಕಿಯಲ್ಲಿ ಎರಡು ಶಾಸ್ತ್ರಗಳ ನೆಂಟಸ್ತನ! ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1933ರಲ್ಲಿ ತಮ್ಮ ಪದ್ಧತಿಗೆ 'ಕೋಲನ್ ಕ್ಲಾಸಿಫಿಕೇಶನ್' ಎಂದೇ ಹೆಸರಿಟ್ಟರು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ದಾಖಲೀಕರಣ ತರಬೇತಿ ಕೇಂದ್ರ ಡಿಆರ್‌ಟಿಸಿ ಇಂದಿಗೂ ಇದೆ.

1934ರ ತಮ್ಮ ಗ್ರಂಥದಲ್ಲಿ ಓಟ್ಲೆ ಪುಸ್ತಕವೇ ಇಲ್ಲದ ಮೇಜೊಂದನ್ನು ಬಣ್ಣಿಸಿದರು. ಅದರ ಮೇಲಿರುವುದು ಪರದೆ, ಪಕ್ಕದಲ್ಲೊಂದು ಟೆಲಿಫೋನ್. ಅದೇ ವರ್ಷ ಸರ್ಕಾರ ಅವರ ಸಂಸ್ಥೆಗೆ ಬೀಗ ಹಾಕಿತು. 1940ರಲ್ಲಿ ಬಂದ ನಾಜಿಗಳು ಚಿತ್ರಕಲಾ ಪ್ರದರ್ಶನಕ್ಕೆ ಜಾಗ ಬೇಕೆಂದು ಸಂಗ್ರಹವನ್ನು ತೆರವು ಮಾಡಿಸಿದರು, ಬಹಳಷ್ಟು ಹಾಳಾಯಿತು. ಉಳಿದದ್ದು 1998ರಲ್ಲಿ ತೆರೆದ ಈ ಸಂಗ್ರಹಾಲಯದಲ್ಲಿ, ಮೋನ್ಸ್‌ನಲ್ಲಿದೆ.

ಜಾಗತಿಕ ಮೆದುಳಿನ ಭಕ್ತರೊಂದಿಗೆ ನನ್ನ ತಕರಾರು ಒಂದೇ. ಓಟ್ಲೆಯ ಚೀಟಿ ತಾನೇ ಸರ್ವಜ್ಞ ಎನ್ನುತ್ತಿರಲಿಲ್ಲ. ಇಂಥವರು ಇಂಥ ಪುಸ್ತಕದಲ್ಲಿ ಬರೆದಿದ್ದಾರೆ, ಹೋಗಿ ಓದಿ ಎಂದು ದಾರಿ ತೋರುತ್ತಿತ್ತು. ಈಗ ಮೊಬೈಲಿಗೆ ಪ್ರಶ್ನೆ ಹಾಕಿದರೆ ಬೇಯಿಸಿ ಬಡಿಸಿದ ಉತ್ತರವೇ ಬರುತ್ತದೆ. ಅಕ್ಕಿ ಯಾರ ಮನೆಯದೆಂದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಕೋಟ್ಯಂತರ ಜನ ಬರೆದದ್ದನ್ನು ನುಂಗಿ, ಅವರ ಹೆಸರು ಮರೆಯುವುದಕ್ಕೆ ಮೆದುಳು ಅನ್ನಲು ನನಗೆ ಬಾಯಿ ಬಾರದು. ಹೊಟ್ಟೆ ಅನ್ನಬಹುದು.

ಬ್ರಸೆಲ್ಸ್‌ಗೆ ಹೋದರೆ ಮೋನ್ಸ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ವಾಪಸು ಬಂದಮೇಲೂ ಚಾಕಲೇಟು ಕೊಳ್ಳಬಹುದು.